ಅಪ್ಪ ರುಜು ಹಾಕಿದ ಹೇಳಿಕೆ

2025ರ ಆಗಸ್ಟ್ 11, ಸೋಮವಾರ, ಬೆಳಿಗ್ಗೆ 10.40. ಕಂಪಲಾಪುರದ ಹೊಗೆಸೊಪ್ಪು ಬೆಳೆಗಾರ ಸಣ್ಣಬೀರಯ್ಯ ಸೊಸೆ ಸುಧಾಳೊಂದಿಗೆ ಪಿರಿಯಾಪಟ್ಟಣ ಠಾಣೆಗೆ ಬಂದು, ಇನ್‌ಸ್ಪೆಕ್ಟರ್ ಉಷಾರಾಣಿಯವರ ಮೇಜಿನ ಮೇಲೆ ಒಂದು ಕಾಗದ ಇಟ್ಟ.

"ನನ್ ಮಗನ ಎಸ್ರಿಗೆ ನಾನೇ ಮಸಿ ಬಳ್ದಿವ್ನಿ ಕಣವ್ವ. ಅಳಿಸ್ಕೊಡಿ."

ಮಗ ಲಿಂಗರಾಜು ಗುಜರಾತಿನ ಎಣ್ಣೆಬಾವಿಯೊಂದರಲ್ಲಿ ಆಪರೇಟರ್ ಆಗಿದ್ದ. ಜುಲೈ 17ರ ಬೆಳಿಗ್ಗೆ ಗ್ಯಾಸಿಗೆ ಬೆಂಕಿ ಹತ್ತಿ ಸತ್ತಿದ್ದ. ತಪ್ಪು ಅವನದೇ ಎಂದು ಈಗ ಕಂಪನಿಯ ಪತ್ರ ಬಂದಿತ್ತು. ಅದಕ್ಕೆ ಲಗತ್ತಿಸಿದ್ದು ಅಪ್ಪನದೇ ಹೇಳಿಕೆ: 'ಅಂದು ಬೆಳಿಗ್ಗೆ 5.50ಕ್ಕೆ ಮಗ ಬಾವಿಯ ಬಳಿಯಿಂದ ನನಗೆ ಫೋನ್ ಮಾಡಿ, ವಾಲ್ವ್ ಪೂರ್ತಿ ತೆರೆದಿದ್ದೇನೆ ಎಂದ.'

"ರುಜು ನಿಮ್ದೇನಾ?"

"ನಂದೇ. ಮಣ್ಣು ಮಾಡಿದ್ ದಿನ ರೇಣುಕಾಪ್ರಸಾದ್ ಆಕುಸ್ಕೊಂಡ್ರು. ಹೆಣ ತಕ್ಕೊಂಡಿದ್ದಕ್ಕೆ ರಸೀತಿ ಅಂದ್ರು. ನಂಗೆ ಓದಾಕ್ ಬರಾಕಿಲ್ಲ."

ರೇಣುಕಾಪ್ರಸಾದ್ ಸಾಲಿಗ್ರಾಮದವನು, ಅದೇ ಬಾವಿಯ ಸೂಪರ್‌ವೈಸರ್. ಲಿಂಗರಾಜುವಿಗೆ ಕೆಲಸ ಕೊಡಿಸಿದವನು, ಕೊನೆಗೆ ಚಟ್ಟಕ್ಕೆ ಹೆಗಲು ಕೊಟ್ಟವನು. ಹೆಗಲು ಕೊಟ್ಟವನನ್ನು ಅನುಮಾನಿಸುವ ರೂಢಿ ನಮ್ಮ ಕಡೆ ಇಲ್ಲ.

ವಾಲ್ವ್ ತೆರೆದರೆ ಏನಾಗುತ್ತದೆಂದು ಉಷಾರಾಣಿ ಕೇಳಿದರು.

"ನೆಲದೊಳಗಿನ ಗ್ಯಾಸೇ ಎಣ್ಣೆನ ಮೇಲಕ್ಕೆ ನೂಕೋದಂತೆ ಮೇಡಂ," ಎಂದಳು ಸುಧಾ. "ಅದನ್ನ ಅಳತೇಲಿ ಬುಡ್ಬೇಕು. ಒಂದೇ ಸಲ ಬುಟ್ರೆ ಗ್ಯಾಸ್ ಓಡೋಯ್ತದೆ, ಎಣ್ಣೆ ಕೆಳ್ಗೇ ಉಳ್ಕತದೆ. ಆ ಗ್ಯಾಸಿಗೆ ಒಂದ್ ಕಿಡಿ ತಾಕುದ್ರೆ ಸಾಕು. ಅಂಗಂತ ನಮ್ ಯಜಮಾನ್ರೇ ಏಳೋರು."

"ಸೊಪ್ಪು ಹದ ಮಾಡೋ ಬ್ಯಾರನ್ ಮನೆ ಬೆಂಕಿ ಕಾಯ್ದು ಬೆಳ್ದವ್ನು ನನ್ ಮಗ," ಎಂದ ಸಣ್ಣಬೀರಯ್ಯ. "ಒಂದೇ ಸಲ ಬೆಂಕಿ ಏರ್ಸುದ್ರೆ ಸೊಪ್ಪೆಲ್ಲ ಕೆಡ್ತದೆ. ಆತುರದ ಕೈಯಲ್ಲ ಅವುಂದು."

ಮಧ್ಯಾಹ್ನ 12.15ಕ್ಕೆ ವಂಚನೆ ಮತ್ತು ಸುಳ್ಳು ದಾಖಲೆ ಸೃಷ್ಟಿಯ ಎಫ್‌ಐಆರ್ ದಾಖಲಾಯಿತು. ಇಬ್ಬರು ಪಂಚರ ಎದುರು ಪಂಚನಾಮೆ ಬರೆದು ಕಾಗದವನ್ನು ವಶಪಡಿಸಿಕೊಂಡರು. ಕಾನ್‌ಸ್ಟೆಬಲ್ ನೀಲಕಂಠಸ್ವಾಮಿ ತರಿಸಿದ ಕರೆ ವಿವರದಲ್ಲಿ, ಜುಲೈ 17ರಂದು ಮಗನಿಂದ ಅಪ್ಪನಿಗೆ ಒಂದು ಕರೆಯೂ ಇರಲಿಲ್ಲ.

ಆಗಸ್ಟ್ 14, ಗುರುವಾರ, 11.20. ರಜೆಯ ಮೇಲೆ ಊರಿಗೆ ಬಂದಿದ್ದ ರೇಣುಕಾಪ್ರಸಾದ್ ನೋಟಿಸಿನಂತೆ ಠಾಣೆಗೆ ಹಾಜರಾದ.

"ಬಾವಿ ಹತ್ರ ಫೋನ್ ಬಳಸ್ಬೋದಾ?"

"ಖಂಡಿತ ಇಲ್ಲ ಮೇಡಂ. ಗೇಟಲ್ಲೇ ಇಟ್ಟು ಒಳಗೆ ಹೋಗ್ಬೇಕು. ಆ ವಿಷ್ಯದಲ್ಲಿ ನಾನು ಬಲು ಕಟ್ಟುನಿಟ್ಟು."

"ಹಾಗಾದ್ರೆ ಲಿಂಗರಾಜು ಯಾವ ಫೋನಲ್ಲಿ ಮಾತಾಡ್ದ?"

ಉಷಾರಾಣಿ ಹೇಳಿಕೆಯನ್ನು ಅವನ ಕಡೆ ತಿರುಗಿಸಿದರು. ಹದಿನಾಲ್ಕು ವರ್ಷ ಗೇಟಿನಲ್ಲಿ ಎಲ್ಲರ ಫೋನ್ ಇಡಿಸಿಕೊಂಡವನು ಸುಳ್ಳು ಬರೆಯುವ ಅವಸರದಲ್ಲಿ ಅದನ್ನೇ ಮರೆತಿದ್ದ. ನೀಲಕಂಠಸ್ವಾಮಿ ಕೊಟ್ಟ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದ.

"ವಾಲ್ವ್ ತೆರೆದಿದ್ದು ನಾನೇ. ಬೇಡ ಸಾರ್ ಅಂದ ಅವ್ನು. ಎರಡು ಸಲ ಅಂದ."

ಬಂಧನ 1.05ಕ್ಕೆ. ಸಾವಿನ ತನಿಖೆಗಾಗಿ ಅವನ ಹೇಳಿಕೆಯ ಪ್ರತಿ ಗುಜರಾತ್ ಪೊಲೀಸರಿಗೆ ಹೋಯಿತು. ಅವನನ್ನು ಆಡಿಸಿದ್ದು ದ್ವೇಷವಲ್ಲ. ಆ ತಿಂಗಳು ಬಾವಿಯ ಎಣ್ಣೆ ಇಳಿದಿತ್ತು, ತನ್ನ ಮೇಲೆ ಕಿರಿಯನೊಬ್ಬ ಬರುವ ಸುದ್ದಿಯಿತ್ತು. ಒಂದು ದಿನವಾದರೂ ಹೆಚ್ಚು ತೆಗೆದು ತೋರಿಸಬೇಕೆಂದು ಹೊರಟವನಿಗೆ ಎಣ್ಣೆ ಬರಲಿಲ್ಲ, ಗ್ಯಾಸ್ ಬಂತು. ಅಂದು ಹೆಣದ ಮುಂದೆ ಅವನು ಅತ್ತದ್ದು ಸುಳ್ಳಲ್ಲ, ಪಾಪ.

"ಸತ್ತವ್ನಿಗೆ ಇನ್ನೇನು ನಷ್ಟ ಅಂದ್ಕೊಂಡೆ ಮೇಡಂ."

ಬಾಗಿಲ ಹೊರಗಿನ ಬೆಂಚಿನಲ್ಲಿದ್ದ ಸಣ್ಣಬೀರಯ್ಯ ಎದ್ದು ಬಂದ. ಕೂಗಾಡಲಿಲ್ಲ.

"ಸತ್ತವ್ನು ಓಗ್ಬುಟ್ಟ ಸ್ವಾಮಿ. ಅವನಪ್ಪ ಅನ್ನುಸ್ಕೊಂಡು ಊರಲ್ಲಿ ಓಡಾಡೋನು ನಾನಲ್ವಾ?"