ಆ ಹುಡುಗಿ ಎಲ್ಲಿ ಹೋದಳು?

"ನಮ್ಮ ಮಗುವಿನ ಕೊರತೇನ ಪುಸ್ತಕ ಮಾಡಿ ಊರಿಗೆಲ್ಲ ಹಂಚ್ತೀಯಾ? ನಿನಗೆ ಕರುಳು ಅನ್ನೋದು ಇದೆಯೇನೇ!"

ಅತ್ತೆಯ ಮಾತಿಗೆ ಸೊಸೆ ಕೈಯಲ್ಲಿದ್ದ ಹಾಳೆಗಳನ್ನು ಎದೆಗವಚಿಕೊಂಡಳು. ಹಗಲೆಲ್ಲ ಹೊಲಿಗೆ ಯಂತ್ರ ತುಳಿದು, ಬಿಡುವು ಸಿಕ್ಕಾಗ ಅವಳು ಮಕ್ಕಳಿಗಾಗಿ ಬರೆದ ಮೊದಲ ಕಥೆ ಅದು. ಅದರ ನಾಯಕಿಗೆ, ಅವಳ ಮಗಳು ಚುಕ್ಕಿಗೆ ಇರುವಂತೆಯೇ, ಆಟಿಸಂ. ಗದ್ದಲವಾದರೆ ಕಿವಿ ಮುಚ್ಚಿಕೊಂಡು ಮೂಲೆ ಸೇರುವ ಆ ಹುಡುಗಿಯೇ, ಬೇರೆ ಯಾರ ಕಿವಿಗೂ ಬೀಳದ ನಾಯಿಮರಿಯ ನರಳಾಟ ಕೇಳಿಸಿಕೊಂಡು ಅದನ್ನು ಚರಂಡಿಯಿಂದ ಎತ್ತುತ್ತಾಳೆ. ಪ್ರಕಾಶಕರು ಮೆಚ್ಚಿದ್ದರು, ಆದರೆ ಕೊನೆಯಲ್ಲಿ ಹುಡುಗಿ 'ಸರಿಹೋಗಿ' ಎಲ್ಲ ಮಕ್ಕಳಂತಾಗಬೇಕು ಎಂದು ಕಾಗದ ಬರೆದಿದ್ದರು.

"ಅವರು ಹೇಳಿದ್ದೇ ಸರಿ. ಕಥೆಯಲ್ಲಾದ್ರೂ ಅವಳು ಎಲ್ಲರ ಹಾಗಾಗ್ಲಿ..." ಎಂದರು ಅತ್ತೆ, ಸೆರಗಿನಿಂದ ಕಣ್ಣೊರೆಸಿಕೊಂಡು. ಸೊಸೆ ಕೊನೆಯ ಹಾಳೆಯನ್ನು ಮುದುರಿ ಬಟ್ಟೆ ಚೂರುಗಳ ಬುಟ್ಟಿಗೆಸೆದು, ಹೊಸದನ್ನು ಬರೆದಳು.

ಮರುದಿನ ಮಧ್ಯಾಹ್ನ ಅದನ್ನು, ಮೊದಲಿನ ಕಥೆಯನ್ನು ಎಷ್ಟೋ ಸಲ ಕೇಳಿದ್ದ ಚುಕ್ಕಿಗೆ ಓದಿದಳು. ಕಥೆಯ ಹುಡುಗಿ ಪಟಪಟನೆ ಮಾತಾಡಿದಳು, ಗುಂಪಿನಲ್ಲಿ ಕುಣಿದಳು, ಎಲ್ಲರನ್ನೂ ತಬ್ಬಿಕೊಂಡಳು. ಚುಕ್ಕಿ ಹಾಳೆಗಳನ್ನು ಕಿತ್ತುಕೊಂಡು ಒಂದೊಂದನ್ನೇ ತಿರುವಿ ನೋಡಿದಳು.

"ಆ ಹುಡುಗಿ ಎಲ್ಲಿ?"

"ಇವಳೇ ಕಣೇ, ಪುಟ್ಟಾ."

"ಇವಳಲ್ಲ. ಇವಳು ಬೇರೆ. ಅವಳು ಎಲ್ಲಿ ಹೋದ್ಲು? ಸತ್ತೋದ್ಲಾ?"

ಚುಕ್ಕಿ ಬಾಗಿಲಲ್ಲಿ ನಿಂತಿದ್ದ ಅಜ್ಜಿಯ ಬಳಿ ಓಡಿದಳು. "ಅಜ್ಜೀ, ಹುಡುಕ್ಕೊಡು!"

ಮಗು ತನ್ನನ್ನೇ ತಾನು ಹುಡುಕುತ್ತಿದೆ ಎಂದು ಅಜ್ಜಿಗೆ ಹೊಳೆಯಿತು. ಮೆಲ್ಲನೆ ಮಂಡಿಯೂರಿ, ಬುಟ್ಟಿಗೆ ಕೈಹಾಕಿ, ನೂಲಿನೆಳೆ ಸುತ್ತಿಕೊಂಡಿದ್ದ ಹಾಳೆಯನ್ನು ತೆಗೆದರು. ಮೇಜಿನ ಮೇಲೆ ಹರಡಿ, ಇಸ್ತ್ರಿಪೆಟ್ಟಿಗೆ ಎಳೆದು ಸುಕ್ಕು ಬಿಡಿಸಿದರು. ಕಣ್ಣು ಮಂಜಾಗಿದ್ದರೂ ತಾವೇ ಓದಿದರು... ಹುಡುಗಿ ಯಾರೊಂದಿಗೂ ಮಾತಾಡದೆ, ಮರಿಯ ಒದ್ದೆ ಬೆನ್ನನ್ನು ಒರೆಸುತ್ತ ಕೂತಿದ್ದಳು.

"ಇವಳೇ!" ಎಂದಳು ಚುಕ್ಕಿ.

"ಹೌದು ಕಂದಾ, ಇವಳೇ. ನಾನೇ ಕಳೆದುಬಿಟ್ಟಿದ್ದೆ..." ಅಜ್ಜಿ ಸೊಸೆಯತ್ತ ತಿರುಗಿದರು. "ಒಂದಕ್ಷರ ಬದಲಾಯಿಸಬೇಡ ಕಣಮ್ಮ. ಅವರು ಬೇಡ ಅಂದ್ರೆ ಬಿಡಲಿ, ಇನ್ನೊಬ್ಬರ ಬಾಗಿಲು ತಟ್ಟೋಣ."

ಅವರು ಬೇಡವೆಂದೇ ಬಿಟ್ಟರು. ಇನ್ನೊಬ್ಬರೂ ಆಗದೆಂದು ತಲೆಯಾಡಿಸಿದರು. ಮೂರನೆಯ ಪ್ರಕಾಶಕಿ ಒಪ್ಪಿದಳು.

ಪುಸ್ತಕ ಮನೆಗೆ ಬಂದಾಗ ಚುಕ್ಕಿ ಮೊದಲು ಅದನ್ನು ಮೂಸಿದಳು. ಆಮೇಲೆ ಕಟ್ಟಕಡೆಯ ಪುಟ ತೆರೆದು, ಬೆರಳಿಟ್ಟು ಓದಿ, "ಇದ್ದಾಳೆ" ಎಂದಷ್ಟೇ ಹೇಳಿ ಊಟಕ್ಕೆ ಕೂತಳು. ಅತ್ತೆ ಸೊಸೆ ಇಬ್ಬರಿಗೂ ಅಳು, ನಗು ಒಟ್ಟಿಗೇ ಬಂದವು.

"ನೀನೂ ಕೂತ್ಕೋಮ್ಮ," ಎಂದರು ಅತ್ತೆ, ಸೊಸೆಯ ಕೈಯಿಂದ ಸೌಟು ತೆಗೆದುಕೊಂಡು. "ಇವತ್ತು ನಾನು ಬಡಿಸ್ತೀನಿ."