ಹೊಸ್ತಿಲ ಮೇಲಿನ ಚರಿಗೆ

"ಒಳಗ ಕಾಲಿಡಬ್ಯಾಡ್ರಿ! ನೀವು ಹೊಕ್ಕ ಮನ್ಯಾಗ ಹೆಣ ಬೀಳ್ತದಂತ!"

ಬಾಗಿಲಿಗೆ ಅಡ್ಡ ನಿಂತಿದ್ದ ಮರಿಲಿಂಗನ ಮಾತಿಗೆ ಪಂಚಶೀಲಾ ಎತ್ತಿದ ಕಾಲನ್ನು ಹಿಂದಕ್ಕಿಟ್ಟಳು.

ಅವಳು ಶಹಾಪುರದ ಶಾಲೆಯ ಟೀಚರ್. ಬೇಸಿಗೆ ರಜೆಯಲ್ಲಿ ಸುತ್ತಲಿನ ಹಳ್ಳಿಗಳಿಗೆ ಬಸ್ಸು ಹಿಡಿದು, ಇನ್ನು ವಾಸಿಯಾಗದು ಎಂದು ಡಾಕ್ಟರು ಕೈಬಿಟ್ಟವರ ಮನೆಗೆ ಹೋಗಿ ಮೈ ಒರೆಸುತ್ತಾಳೆ, ಪಕ್ಕ ಕುಳಿತು ಮಾತಾಡುತ್ತಾಳೆ. ಬಿಡಿಗಾಸಿಲ್ಲದ ಸೇವೆ. ಅದಕ್ಕೆ ಊರು ಕೊಟ್ಟ ಬಿರುದು 'ಯಮನ ತಂಗಿ'! ಇಪ್ಪತ್ತೆಂಟಾದರೂ ಒಂದು ಸಂಬಂಧ ಕೂಡಿಬಂದಿರಲಿಲ್ಲ. ಊರ ಬಾಯಿಗೆ ಬೀಗ ಹಾಕುವವರು ಯಾರು?

"ಆಕಿನ್ನ ಒಳಗ ಬಿಡೋ," ಹಾಸಿಗೆಯಿಂದ ಅವನ ತಾಯಿ ಮೌನಮ್ಮ ನರಳಿದಳು. "ನಿಮ್ಮಪ್ಪ ಕಳಿಸ್ಯಾನ."

ಅಪ್ಪ ಭಾಗಣ್ಣ ಮೀನಿಗೆ ಹೋಗಿ ಕೃಷ್ಣೆಯಲ್ಲಿ ಮುಳುಗಿ ಹನ್ನೆರಡು ವರ್ಷ. ಹೆಣ ಸಿಕ್ಕಿರಲೇ ಇಲ್ಲ...

ದಿನಾ ಮಧ್ಯಾಹ್ನ ಮೌನಮ್ಮನದು ಒಂದೇ ಹಟ. "ಹೊಸ್ತಿಲ ಮ್ಯಾಲ ಒಂದ್ ಚರಿಗಿ ನೀರಿಡು ಯವ್ವಾ. ಅಂವ ದಣದು ಬರ್ತಾನ."

ಪಂಚಶೀಲಾ ಚರಿಗೆ ತುಂಬಿ, ತಾಟು ಮುಚ್ಚಿ ಇಡುತ್ತಿದ್ದಳು. ಸಂಜೆ ತೆಗೆದರೆ ಹನಿ ನೀರಿಲ್ಲ! ಮೌನಮ್ಮ ಖಾಲಿ ಮೂಲೆಯನ್ನು ನೋಡಿ ನಗುತ್ತಿದ್ದಳು.

'ಮರಿಲಿಂಗನೇ ಚೆಲ್ಲುತ್ತಾನೆ. ಅವ್ವನಿಗೆ ಸಮಾಧಾನ ಆಗಲಿ ಅಂತ...' ಹಾಗೆಂದುಕೊಂಡ ದಿನದಿಂದ ಆ ಸಿಡುಕನ ಮೇಲೆ ಅವಳಿಗೆ ಜೀವ.

ಅವನು ಒಂದು ದಿನ ಸಿಡಿದೇಬಿಟ್ಟ. "ನೀರು ನೀವೇ ಚೆಲ್ಲಿ, ಸಾಯೋ ಮುದುಕಿಗಿ ಸುಳ್ಳು ಆಸೆ ಹಚ್ಚಾಕತ್ತೀರೇನು? ನಾಳಿಂದ ಬರಬ್ಯಾಡ್ರಿ!"

"ನಾನಾ? ನೀವು ಚೆಲ್ತೀರಿ ಅಂತ ನಾ ತಿಳದಿದ್ದೆ..."

ಇಬ್ಬರೂ ಒಟ್ಟಿಗೆ ಹೊಸ್ತಿಲ ಕಡೆ ತಿರುಗಿದರು. ಸುಡುಬಿಸಿಲಿನ ಮನೆಯೊಳಗೆ ಹೊಳೆಯ ಕೆಸರಿನ ವಾಸನೆ ಹಬ್ಬಿತ್ತು.

"ಬಂದ್ಯಾ?" ಎಂದಳು ಮೌನಮ್ಮ, ಹೊಸ ಮದುಮಗಳ ದನಿಯಲ್ಲಿ. ಯಾರದೋ ಕೈ ಹಿಡಿಯುವಂತೆ ಕೈ ಚಾಚಿದಳು. ಉಸಿರು ಅಲ್ಲಿಗೆ ನಿಂತಿತು.

'ಊರು ಅಂದದ್ದೇ ನಿಜವಾಯಿತು. ನಾನು ಹೊಕ್ಕ ಮನೆ...' ಪಂಚಶೀಲಾ ಅಳುತ್ತಲೇ ಬಸ್ಸು ಹತ್ತಿದಳು. ಮತ್ತೆ ಆ ಕಡೆ ಹೋಗಲಿಲ್ಲ.

ಐದನೇ ದಿನ ಮರಿಲಿಂಗನೇ ಅವಳ ಮನೆ ಬಾಗಿಲಿಗೆ ಬಂದ. ಕೈಯಲ್ಲಿ ಬಟ್ಟೆ ಕಟ್ಟಿದ ಚರಿಗೆ. ತುಂಬಿದ ಚರಿಗೆ ಹಿಡಿದು ಬಸ್ಸಿನಲ್ಲಿ ಬಂದ ಹುಚ್ಚ!

"ದಿನಾ ಇಟ್ಟು ನೋಡೀನ್ರಿ. ಒಂದ್ ಹನಿ ಇಳದಿಲ್ಲ."

ಅವಳು ಬಟ್ಟೆ ಬಿಚ್ಚಿ ಚರಿಗೆಯೊಳಗೆ ಇಣುಕಿದಳು. "ಅಂದ್ರ... ನಿಮ್ಮಪ್ಪ ಅವ್ವನ್ನ ಕರಕೊಂಡು ಹೋಗ್ಯಾರ."

"ಹೌದ್ರಿ. ಅವ್ವ ಹೆದರದೆ ಹೋದ್ಲು, ನೀವು ಕೂತಿದ್ದಕ್ಕ." ಅವನು ತಲೆ ತಗ್ಗಿಸಿದ. "ಈಗ ನಮ್ಮ ಮನ್ಯಾಗ ಸಾಯಾವ್ರು ಯಾರೂ ಇಲ್ಲ. ಆದ್ರೂ... ಬರ್ತೀರೇನು?"

ಬದುಕಿರುವವರ ಮನೆಗೆ ಅವಳನ್ನು ಯಾರೂ ಹೀಗೆ ಕರೆದಿರಲಿಲ್ಲ. ಕಣ್ಣು ತುಂಬಿ ಬಂತು.

"ಎಷ್ಟು ದಿನಕ್ಕ ಕರಿಯಾಕತ್ತೀರಿ?"

"ನಾ ಸಾಯೋ ತನಕ."

"ಥೂ, ಬಿಡ್ತು ಅನ್ರಿ!" ಯಮನ ತಂಗಿ ಗಾಬರಿಯಿಂದ ಅವನ ಬಾಯಿ ಮುಚ್ಚಿದಳು.

"ಬಿಡ್ತು," ಎಂದ ಅವನು, ಅವಳ ಅಂಗೈಯೊಳಗೇ ನಗುತ್ತ.