ಇಪ್ಪತ್ತು ಲೇತ್‌ಗಳ ಸಾಲ

"ಟೀಚರ್, ನಾಳೆ ನನ್ನ ಕೆಲಸ ಹೋಗುತ್ತೆ!"

ಬಾಗಿಲು ತೆರೆದ ಸೊಸೆಯನ್ನು ದಾಟಿಕೊಂಡೇ ಬ್ಯಾಂಕಿನ ಮ್ಯಾನೇಜರಮ್ಮ ಒಳಗೆ ನುಗ್ಗಿದರು. "ಇಪ್ಪತ್ತು ವರ್ಕ್‌ಶಾಪ್‌ಗಳಿಗೆ ಕಬ್ಬಿಣ ಕಡೆಯೋ ಯಂತ್ರ, ಲೇತ್, ಕೊಳ್ಳೋಕೆ ಸಾಲ ಕೊಟ್ಟೆ. ಈಗ ಕಂತೂ ಇಲ್ಲ, ಲೇತೂ ಇಲ್ಲ, ಸಾಲಗಾರರೂ ನಾಪತ್ತೆ. ನಾನೇ ದುಡ್ಡು ತಿಂದೆ ಅಂತ ನಮ್ಮ ಫೀಲ್ಡ್ ಆಫೀಸರ್ ಹೆಡ್ಡಾಫೀಸಿಗೆ ದೂರು ಬರೆದಿದಾನೆ, ನಾಳೆ ವಿಚಾರಣೆ. ಒಂದೊಂದು ಲೇತನ್ನೂ ಕಣ್ಣಾರೆ ನೋಡಿದೀನಿ, ಟೀಚರ್!"

ಅತ್ತೆ ಮೂವತ್ತು ವರ್ಷ ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದವರು. ಅಕ್ಕಪಕ್ಕದ ಬೀದಿಗಳ ಕಳ್ಳತನಗಳನ್ನು ಅವರು ಬಿಡಿಸಿದಾಗಲೆಲ್ಲ ಜೊತೆಗಿದ್ದು ಟಿಪ್ಪಣಿ ಬರೆದುಕೊಂಡವಳು ಸೊಸೆ.

"ನೀನು ನೋಡೋಕೆ ಹೋಗೋದು ಯಾರಿಗೆ ಗೊತ್ತಿರ್ತಿತ್ತು?"

"ಯಾರಿಗೂ ಇಲ್ಲ. ಅವತ್ತವತ್ತು ಬೆಳಿಗ್ಗೆಯೇ ವಿಳಾಸ ಆರಿಸ್ತಿದ್ದೆ. ಇಂಥಾ ಕಡೆ ಹೋಗ್ಬೇಕು, ಕಾರು ತರಿಸು ಅಂತ ಫೀಲ್ಡ್ ಆಫೀಸರಿಗೆ ಹೇಳ್ತಿದ್ದೆ, ಅಷ್ಟೇ."

ಮ್ಯಾನೇಜರಮ್ಮ ಪ್ರತಿ ಭೇಟಿಯಲ್ಲೂ ತೆಗೆದಿದ್ದ ಇಪ್ಪತ್ತು ಫೋಟೋಗಳನ್ನು ಅತ್ತೆ ಮೇಜಿನ ಮೇಲೆ ಹರಡಿದರು. "ಲೇತಿನ ಕಾಲುಗಳನ್ನ ನೋಡು," ಎಂದರು. ಸೊಸೆಗೆ ಪ್ರತಿ ಫೋಟೋದಲ್ಲೂ ಕಂಡದ್ದು ನುಣುಪಾದ ನೆಲದ ಮೇಲೆ ಸುಮ್ಮನೆ ನಿಂತ ಲೇತು, ಅದರ ಎಡಗಾಲಿನಲ್ಲೊಂದು ಗೀರು.

ಮಧ್ಯಾಹ್ನ ಇಬ್ಬರೂ ವರ್ಕ್‌ಶಾಪ್ ಬೀದಿಗೆ ಹೋದರು. "ಲೇತಿನಿಂದ ಉದುರೋ ಉಕ್ಕಿನ ಚೂರಾ? ಹೋದ ವರ್ಷದಷ್ಟೂ ಬರ್ತಿಲ್ಲಮ್ಮ," ಎಂದ ಗುಜರಿಯವನು. ಚಹಾದಂಗಡಿಯವಳು ಗೊಣಗಿದಳು: "ವ್ಯಾಪಾರ ಡಲ್ಲು, ಬಾಡಿಗೆ ಡಬ್ಬಲ್ಲು. ಲೇತ್ ಮಾರೋ ಡೀಲರ್ ಇಲ್ಲಿನ ಮಳಿಗೆಗಳನ್ನೆಲ್ಲ ಕೊಂಡು ಬಾಚಿಕೊಳ್ತಿದಾನೆ."

"ಅವನೇ ಕಳ್ಳ, ಅಲ್ವಾ ಅತ್ತೆ?"

"ಅರ್ಧ ಕಳ್ಳ."

ಮರುದಿನ ಬ್ಯಾಂಕಿನಲ್ಲಿ ಹೆಡ್ಡಾಫೀಸಿನ ಅಧಿಕಾರಿಯ ಮುಂದೆ ಮ್ಯಾನೇಜರಮ್ಮ, ಫೀಲ್ಡ್ ಆಫೀಸರ್, ಡೀಲರ್ ಎಲ್ಲರೂ ಸೇರಿದರು. ಅತ್ತೆ ಪಾಠ ಮಾಡುವವರಂತೆ ಎದ್ದು ನಿಂತರು.

"ಇಪ್ಪತ್ತು ಲೇತ್ ಓಡಿದ್ರೆ ನಲವತ್ತು ಜನಕ್ಕೆ ಸಂಬಳ. ಆ ಸಂಬಳ ಅಂಗಡಿಗೆ ಹೋಗುತ್ತೆ, ಅಂಗಡಿಯಿಂದ ತಿರುಗಿ ಬ್ಯಾಂಕಿಗೆ ಬರುತ್ತೆ. ಸಾಲ ಬೆಳೆದ ಹಾಗೆ ಊರೂ ಬೆಳೆಯುತ್ತೆ. ಇಲ್ಲಿ ಉಕ್ಕಿನ ಚೂರು ಹೆಚ್ಚಲಿಲ್ಲ, ಚಹಾ ಹೆಚ್ಚಲಿಲ್ಲ, ಬಾಡಿಗೆಯೊಂದೇ ಏರ್ತು. ಅಂದ್ರೆ ಆ ದುಡ್ಡು ಹೊಸದೇನನ್ನೂ ಹುಟ್ಟಿಸಲಿಲ್ಲ, ಇದ್ದ ಮಳಿಗೆಗಳ ಬೆಲೆ ಏರಿಸ್ತು ಅಷ್ಟೇ. ಸಾಲಗಾರರು ಬರೀ ಹೆಸರಿಗೆ; ಲೇತ್ ಮಾರಿದೆ ಅಂತ ಬ್ಯಾಂಕಿನ ದುಡ್ಡು ಪಡೆದ ಈ ಡೀಲರ್ ಅದರಲ್ಲಿ ಮಳಿಗೆ ಕೊಂಡ."

ಡೀಲರ್ ನಕ್ಕ. "ಲೇತ್‌ಗಳನ್ನ ಮ್ಯಾನೇಜರಮ್ಮನೇ ನೋಡಿದಾರಲ್ಲ!"

"ನೋಡಿದಾರೆ. ಒಂದೇ ಲೇತನ್ನ ಇಪ್ಪತ್ತು ಸಲ! ಕೆಲಸ ಮಾಡೋ ಲೇತನ್ನ ನೆಲಕ್ಕೆ ಬೋಲ್ಟ್ ಹಾಕಿ ಬಿಗೀತಾರೆ. ಈ ಫೋಟೋಗಳಲ್ಲಿ ಬೋಲ್ಟೇ ಇಲ್ಲ, ಎಲ್ಲದರಲ್ಲೂ ಅದೇ ಗೀರು. ಒಂದು ಮಳಿಗೆಯಿಂದ ಇನ್ನೊಂದಕ್ಕೆ ಅದು ಲಾರಿಯಲ್ಲಿ ಸವಾರಿ ಮಾಡ್ತಿತ್ತು. ಆದರೆ ಆ ಬೆಳಿಗ್ಗೆ ಆರಿಸಿದ ವಿಳಾಸಕ್ಕೆ ಅದು ಇವರಿಗಿಂತ ಮೊದಲೇ ಹೇಗೆ ತಲುಪ್ತು? ವಿಳಾಸ ಗೊತ್ತಿದ್ದದ್ದು ಕಾರು ತರಿಸಿದವನಿಗೆ ಮಾತ್ರ. ದೂರು ಬರೆದವನೂ ಅವನೇ."

ಫೀಲ್ಡ್ ಆಫೀಸರ್ ಮುಖ ಬಿಳಿಚಿಕೊಂಡಿತು. "ಎಲ್ಲ ಈ ಡೀಲರ್‌ದೇ ಪ್ಲಾನು!"

"ಅರ್ಧ ಮಳಿಗೆ ನಿನ್ನ ಹೆಂಡತಿ ಹೆಸರಲ್ಲಿದೆಯಲ್ಲೋ!" ಎಂದು ಡೀಲರ್ ಕಿರುಚಿದ. ಕಿರುಚಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಮಳಿಗೆಗಳು ಜಪ್ತಿಯಾದವು, ಬಾಡಿಗೆ ಇಳಿಯಿತು. ಮ್ಯಾನೇಜರಮ್ಮ ಮುಂದಿನ ಸಾಲವನ್ನು ಕಬ್ಬಿಣದ ಗೇಟು ಮಾಡುವ ಅಕ್ಕತಂಗಿಯರಿಗೆ ಕೊಟ್ಟರು. ಎಂಟು ಜನರಿಗೆ ಕೆಲಸ ಸಿಕ್ಕಿತು. ಅಕ್ಕತಂಗಿಯರು ಯಂತ್ರ ಶುರು ಮಾಡಿದ ದಿನ ಮ್ಯಾನೇಜರಮ್ಮ ಅತ್ತೆಯ ಕೈ ಹಿಡಿದು ಏನೋ ಕೂಗಿ ಹೇಳಿದರು. ಸುತ್ತಿಗೆ, ಗರಗಸಗಳ ಅಬ್ಬರದಲ್ಲಿ ಒಂದಕ್ಷರವೂ ಕೇಳಿಸಲಿಲ್ಲ. ಈ ಸಲದ ಸಾಲ ನಿಜವಾಗಿಯೂ ಕೆಲಸ ಮಾಡುತ್ತಿತ್ತು; ಅದಕ್ಕೇ ಅತ್ತೆ ಮನಸಾರೆ ನಕ್ಕರು. ಸೊಸೆ ಟಿಪ್ಪಣಿ ಪುಸ್ತಕ ಮುಚ್ಚಿ, ತಾನೂ ನಕ್ಕಳು.